ಮೂರನೆಯ ಪ್ಲಗ್ಗು

ಗೆಳೆಯರೇ, ಇವತ್ತು ಬೈಲಹೊಂಗಲದ ನನ್ನ ಗ್ಯಾರೇಜಿನಲ್ಲಿ ಮಾನ ಸ್ವಲ್ಪದರಲ್ಲಿ ಉಳಿಯಿತು.

ನೇಸರಗಿಯ ಡ್ರೈವರ್ ದಸ್ತಗೀರ ತನ್ನ ಹಳೆಯ ಕಾರು ತಂದು, "ಕಾಕಾ, ಗಾಡಿ ಜಗ್ಗವಲ್ದು. ನಿಮ್ಮ ಕಿವಿಗೆ ಬಿದ್ರ ರೋಗ ಗೊತ್ತಾಗತೈತಿ" ಎಂದ. ಆ ಕಿವಿ ಮಂದವಾಗಿದೆ ಎಂದು ಬಲ್ಲವಳು ನನ್ನ ಹೆಂಡತಿ ಗಂಗವ್ವ ಒಬ್ಬಳೇ. ಕಿವುಡ ಮಿಸ್ತ್ರಿಯ ಕಡೆ ಯಾರು ಗಾಡಿ ತರುತ್ತಾರೆ?

"ಸುಮ್ನ ನಿಂದರಲೇ, ತಲಿ ತಿನಬ್ಯಾಡ!" ಎಂದು ಗದರಿ, ಇಂಜಿನ್ ಚಾಲೂ ಇಟ್ಟು ನಾಲ್ಕು ಸ್ಪಾರ್ಕ್ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಒಳ್ಳೆಯ ಪ್ಲಗ್ಗಾದರೆ ಸದ್ದು ಬದಲಾಗಬೇಕು, ಕೆಟ್ಟದ್ದಾದರೆ ಬದಲಾಗದು. ನನಗೆ ನಾಲ್ಕೂ ಒಂದೇ ಥರ ಕೇಳಿಸಿದವು.

ಬುತ್ತಿ ತಂದಿದ್ದ ಗಂಗವ್ವ ದಸ್ತಗೀರನ ಬೆನ್ನ ಹಿಂದೆ ನಿಂತು, "ಗಡಬಡಿ ಬ್ಯಾಡ, ಮತ್ತೊಮ್ಮೆ ನೋಡ್ರಿ" ಎಂದು ಜೋರಾಗಿ ಹೇಳಿದಳು. ಅವಳ ಕಡೆ ನೋಡುತ್ತ ಮತ್ತೆ ಒಂದೊಂದೇ ಕಿತ್ತೆ. ಮೊದಲ ಎರಡಕ್ಕೆ ಸದ್ದು ಬದಲಾಯಿತು ಎಂದು ತಲೆಯಾಡಿಸಿದಳು. ಮೂರನೆಯದಕ್ಕೆ ಇಲ್ಲ ಎಂದು ಕೈಯಾಡಿಸಿದಳು. ಬಿಚ್ಚಿದರೆ ಆ ಪ್ಲಗ್ಗು ಮಸಿ ಹಿಡಿದು ಕರ್ರಗಾಗಿತ್ತು.

ಹೊಸದು ಹಾಕಿದೆ, ಗಾಡಿ ಜಗ್ಗಿತು. "ಏನ್ ಕಿವಿರೀ ಕಾಕಾ ನಿಮ್ದು!" ಎಂದು ದಸ್ತಗೀರ ಕೂಗಿದ.

"ಹೌದಪಾ" ಎಂದೆ. ಆ ಕಿವಿ ಆಗಲೇ ತಲೆ ತುಂಬ ಸೆರಗು ಹೊದ್ದು ಮನೆಯ ದಾರಿ ಹಿಡಿದಿತ್ತು.