ನೀರಿನ ಕಚೇರಿಯ ರಾದಿಂಕಾ ವಾಲ್ವ್ ಹುಡುಕಿದ್ದು

ಎಡ ಮೊಣಕಾಲು ಕೈಕೊಡುವವರೆಗೆ ರಾದಿಂಕಾ ಇಳಿಯದ ನೆಲಮಾಳಿಗೆ ಆ ಪಟ್ಟಣದಲ್ಲಿ ಇರಲಿಲ್ಲ. ಇಪ್ಪತ್ತೆರಡು ವರ್ಷ ನೀರಿನ ಮೀಟರ್ ಓದಿದವಳು. ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರ ಮನೆಯದು ಬರೀ ಬೊಗಳುತ್ತದೆ, ಯಾರು ಮೀಟರಿನ ಮೇಲೆ ಹುಳಿ ಎಲೆಕೋಸಿನ ಪೀಪಾಯಿ ಇಟ್ಟು ‘ಇವತ್ತು ಸರಿಸಕ್ಕಾಗಲ್ಲ, ಬೆನ್ನು ನೋವು’ ಅನ್ನುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ.

ಕಾಲು ಹೋದ ಮೇಲೆ ನೀರು ಸರಬರಾಜು ಕಚೇರಿಯವರು ಅವಳನ್ನು ಮೊದಲ ಮಹಡಿಯ ನಕ್ಷೆ ಕೋಣೆಗೆ ಹಾಕಿದರು. ಅಲ್ಲಿ ಇದ್ದದ್ದು ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್, ಮತ್ತೆ ತೀರಿಕೊಂಡ ಲ್ಯೂಬಿಶಾ ಬಿಟ್ಟುಹೋದ ಗೊಂದಲ. ಲ್ಯೂಬಿಶಾ ಕಚೇರಿಯ ಹಳೆಯ ನಕ್ಷೆಗಾರ. ನಿವೃತ್ತಿಗೆ ಮುಂಚೆ ಆರು ವರ್ಷ ಕೂತು, ಎರಡನೆಯ ಮಹಾಯುದ್ಧದ ನಂತರದ ಕಾಲದ ನಕ್ಷೆಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದ್ದ. ಆಮೇಲೆ ಬಂದ ಪ್ರವಾಹದಲ್ಲಿ ಕಾಗದದ ನಕ್ಷೆಗಳು ನೆನೆದು ಮುದ್ದೆಯಾದವು. ಉಳಿದದ್ದು ಅವನು ಏರಿಸಿದ ನಲವತ್ತು ಸಾವಿರ ಚಿಲ್ಲರೆ ಫೈಲುಗಳು ಮಾತ್ರ. ಫೋಲ್ಡರಿನೊಳಗೆ ಫೋಲ್ಡರ್, ಅದರೊಳಗೆ ಮತ್ತೊಂದು. ‘ಹೊಸದು’ ಅಂತ ಒಂದು, ‘ಹೊಸದು ಹೊಸದು’ ಅಂತ ಇನ್ನೊಂದು, ಅದರ ಹೊಟ್ಟೆಯಲ್ಲಿ ‘ಇದೇ ಸರಿ’, ಪಕ್ಕದಲ್ಲಿ ‘ಮುಟ್ಟಬೇಡಿ’.

ರಾದಿಂಕಾ ಮೊದಲ ತಿಂಗಳು ಅತ್ತಿದ್ದಳು. ಎರಡನೆಯ ತಿಂಗಳು ಗ್ರಂಥಾಲಯದಲ್ಲಿ ಕೆಲಸ ಮಾಡುವ ನಾದಿನಿ ಒಂದು ಪುಟ್ಟ ಹುಡುಕು ತಂತ್ರಾಂಶದ ವಿಷಯ ಹೇಳಿದಳು. ಪರದೆಯ ಖಾಲಿ ಜಾಗದಲ್ಲಿ ಅಕ್ಷರ ಒತ್ತುತ್ತ ಹೋದರೆ ಸಾಕು, ಎಲ್ಲ ಫೋಲ್ಡರುಗಳನ್ನೂ ಒಟ್ಟಿಗೇ ಜಾಲಾಡಿ ಆ ಹೆಸರಿನ ಫೈಲುಗಳನ್ನು ಕೆಳಗೆ ಸಾಲಾಗಿ ನಿಲ್ಲಿಸುತ್ತದೆ. ರಾದಿಂಕಾ ತಾನೇ ಅದನ್ನು ಹಾಕಿಕೊಂಡಳು, ತಾನೇ ಕಲಿತಳು. ಕಚೇರಿಯಲ್ಲಿ ಯಾರೂ ಗಮನಿಸಲಿಲ್ಲ.

ಮಾರ್ಚಿನ ಒಂದು ಮಂಗಳವಾರ ಬೆಳಿಗ್ಗೆ ಊರ ನಡುವಿನ ಚೌಕದ ಕೆಳಗೆ ದೊಡ್ಡ ಕೊಳವೆ ಒಡೆಯಿತು. ಒಂಬತ್ತೂವರೆಗೆ ಇಂಜಿನಿಯರ್ ವೊಯಿನ್ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದ. ಮೂವತ್ತೈದು ದಾಟದವನು, ನೀಶ್ ನಗರದಿಂದ ಬಂದು ಎರಡು ವರ್ಷವಾಗಿತ್ತು.

‘ರಾದಿಂಕಾ ಅಕ್ಕ, ಚೌಕದ ಹಳೇ ನಕ್ಷೆ ಬೇಕು. ಈಗ್ಲೇ.’

‘ಈಗ್ಲೇ ಅಂದ್ರೆ? ನಾನೇನು ಜೇಬಲ್ಲಿ ಇಟ್ಕೊಂಡು ಓಡಾಡ್ತೀನಾ? ಏನಾಯ್ತು, ನೆಟ್ಟಗೆ ಹೇಳು.’

‘ಚೌಕದ ವಾಲ್ವ್ ಸಿಗ್ತಿಲ್ಲ. ಹೊಸ ನಕ್ಷೇಲಿ ತೋರಿಸಿರೋ ಕಡೆ ಮೇಸ್ತ್ರಿ ಮಿಲುಟಿನ್ ಎರಡು ಗುಂಡಿ ತೋಡ್ದ. ಬರೀ ಕಲ್ಲು. ವಾಲ್ವ್ ಮುಚ್ಚಿದ್ರೆ ಮೇಲಿನ ಲೈನಿಂದ ಆಸ್ಪತ್ರೆಗೆ ನೀರು ಹತ್ತುತ್ತೆ. ಇಲ್ಲಾಂದ್ರೆ ಇಲ್ಲ.’

ಆಸ್ಪತ್ರೆ ಅಂದಕೂಡಲೇ ಅವಳಿಗೆ ಅರ್ಥವಾಯಿತು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಎರಡನೆಯ ಪಾಳಿ ಒಂದು ಗಂಟೆಗೆ. ಅಲ್ಲಿನ ತೊಟ್ಟಿಯಲ್ಲಿದ್ದ ನೀರು ಅಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಅಂತ ನರ್ಸ್ ಆಗಲೇ ಎರಡು ಸಲ ಫೋನ್ ಮಾಡಿದ್ದಳಂತೆ. ಆ ಕುರ್ಚಿಗಳಲ್ಲಿ ಕೂರುವ ಹನ್ನೊಂದು ಜನರ ಮನೆ ಮೀಟರನ್ನೂ ರಾದಿಂಕಾ ಓದಿದ್ದಳು.

‘ಕಂಪ್ಯೂಟರ್ ನೋಡ್ಕೊಳ್ಳೋನಿಗೆ ಹೇಳಿದೀನಿ. ನಾಳೆ ಬರ್ತಾನಂತೆ’ ಅಂದ ವೊಯಿನ್.

‘ನಾಳೆ ಬಂದು ಏನ್ ಮಾಡ್ತಾನೆ, ಚೌಕದಲ್ಲಿ ಕಪ್ಪೆ ಹಿಡೀತಾನಾ? ಸರ್ಕೊ ಆ ಕಡೆ, ಬೆಳಕು ಬಿಡು.’

ವಾಲ್ವ್‌ಗೆ ಅಲ್ಲಿಯ ಮಾತಿನಲ್ಲಿ ಝತ್ವಾರಚ್ ಅನ್ನುತ್ತಾರೆ. ಆ ಜನ ಒಂದೇ ಮಾತನ್ನು ಎರಡು ಲಿಪಿಯಲ್ಲಿ ಬರೆಯುವವರು. ಹಾಗಾಗಿ ರಾದಿಂಕಾ ಮೊದಲು ಲ್ಯಾಟಿನ್ ಅಕ್ಷರದಲ್ಲಿ ಹೊಡೆದಳು: ಸೊನ್ನೆ. ಸಿರಿಲಿಕ್‌ನಲ್ಲಿ ಹೊಡೆದಳು: ಮೂರು ಫೈಲು, ಮೂರೂ ರೈಲು ನಿಲ್ದಾಣದ ಕಡೆಯವು. ಲ್ಯಾಟಿನ್‌ನಲ್ಲಿ ಕೊನೆಯ ‘ಚ’ದ ಮೇಲೆ ಹಾಕುವ ಕೊಕ್ಕೆ ತೆಗೆದು ಹೊಡೆದಳು: ಮತ್ತೆ ಸೊನ್ನೆ. ಆಗ ಪರದೆಯ ಅಡಿಯಲ್ಲಿದ್ದ ಲೆಕ್ಕದ ಮೇಲೆ ಕಣ್ಣು ಬಿತ್ತು. ಒಟ್ಟು ಹನ್ನೆರಡು ಸಾವಿರ ಫೈಲು. ನಲವತ್ತು ಇರಬೇಕಾದ ಕಡೆ ಹನ್ನೆರಡು! ತಂತ್ರಾಂಶ ಒಂದೇ ಡಿಸ್ಕ್ ನೋಡುತ್ತಿತ್ತು. ಲ್ಯೂಬಿಶಾ ತುಂಬಿಸಿಟ್ಟ ಹಳೆಯ ಎರಡು ಡಿಸ್ಕ್ ಬೀರುವಿನಲ್ಲೇ ಮಲಗಿದ್ದವು. ಅವನ್ನು ತಂದು ಸಿಕ್ಕಿಸಿ, ಎಲ್ಲೆಲ್ಲಿ ಹುಡುಕಬೇಕು ಅನ್ನುವ ಪಟ್ಟಿಯಲ್ಲಿ ಎರಡಕ್ಕೂ ಗುರುತು ಹಾಕಿದಳು. ಲೆಕ್ಕ ಏರುತ್ತ ಹೋಗಿ ನಲವತ್ತೊಂದು ಸಾವಿರದಲ್ಲಿ ನಿಂತಿತು. ಮತ್ತೆ ಹುಡುಕಿದಳು.

ಅದೇ ಮೂರು ಫೈಲು.

‘ಬಿಡಿ ಅಕ್ಕ’ ಅಂದ ವೊಯಿನ್. ‘ಪಂಪ್‌ಹೌಸಲ್ಲೇ ಊರಿಗೆಲ್ಲ ನೀರು ನಿಲ್ಲಿಸ್ಬಿಡ್ತೀನಿ. ಪೇಷೆಂಟ್‌ಗಳನ್ನ ನೀಶ್‌ಗೆ ಕಳಿಸ್ಲಿ.’

‘ಎರಡು ಗಂಟೆ ದಾರಿ, ಆ ಮುದುಕರನ್ನ? ಹನ್ನೆರಡರ ತನಕ ಪಂಪ್ ಮುಟ್ಟಬೇಡ. ಮುಟ್ಟಿದ್ರೆ ನೋಡು ನನ್ನ ಬಾಯಿ.’

ಅವನು ಫೋನ್ ಕಿವಿಗಿಟ್ಟುಕೊಂಡು ಕೆಳಗಿಳಿದ. ರಾದಿಂಕಾ ‘ಮುಟ್ಟಬೇಡಿ’ ಫೋಲ್ಡರ್ ತೆರೆದು, ಒಂದೊಂದೇ ಹೆಸರನ್ನು ಬಾಯಿಬಿಟ್ಟು ಓದತೊಡಗಿದಳು. ಹುಚ್ಚುಚ್ಚು ಹೆಸರುಗಳು. ಅರ್ಧಗಂಟೆ ಕಳೆದಿರಬೇಕು, ಒಂದು ಫೋಲ್ಡರಿನ ಮುಂದೆ ನಾಲಗೆ ನಿಂತಿತು. ‘ಯಾಪದ್’. ಹಾಗೊಂದು ಪದವೇ ಇಲ್ಲ. ‘ಝಾಪದ್’ ಇದೆ, ಪಶ್ಚಿಮ ಅಂತ ಅರ್ಥ. ಒಳಗೆ ನೋಡಿದರೆ ಊರಿನ ಪಶ್ಚಿಮ ಬಡಾವಣೆಯ ನಕ್ಷೆಗಳೇ.

ಅವಳು ಕೀಬೋರ್ಡ್ ನೋಡಿದಳು. ಲ್ಯೂಬಿಶಾ ಎರಡೇ ಬೆರಳಲ್ಲಿ, ಬೀಗ ಒಡೆಯುವವನ ಹಾಗೆ ಹೊಡೆಯುತ್ತಿದ್ದದ್ದು ನೆನಪಾಯಿತು. ಕಣ್ಣು ಯಾವಾಗಲೂ ಬೆರಳ ಮೇಲೆ, ಪರದೆಯ ಕಡೆ ತಲೆ ಎತ್ತಿದವನೇ ಅಲ್ಲ. ಕಂಪ್ಯೂಟರ್ ಇಂಗ್ಲಿಷ್ ಕೀಬೋರ್ಡಿಗೆ ತಿರುಗಿದ್ದರೂ ಅವನಿಗೆ ಗೊತ್ತಾಗಿರಲಿಕ್ಕಿಲ್ಲ. ಅವರ ಕೀಬೋರ್ಡಿನಲ್ಲಿ ‘ಝ’ ಇರುವ ಜಾಗದಲ್ಲಿ ಇಂಗ್ಲಿಷಿಗೆ ವೈ ಬೀಳುತ್ತದೆ. ಝತ್ವಾರಚ್‌ನ ಕೊನೆಯ ‘ಚ’ ಇರುವಲ್ಲಿ ಬರೀ ಅರ್ಧವಿರಾಮ. ಅವನು ಸರಿಯಾಗಿಯೇ ಒತ್ತಿದ್ದ, ಯಂತ್ರ ಬೇರೆಯೇ ಬರೆದುಕೊಂಡಿತ್ತು.

‘ಅಯ್ಯೋ ಮಾರಾಯ’ ಅಂದಳು ಖಾಲಿ ಕೋಣೆಗೆ, ‘ಒಂದ್ಸಲ ತಲೆ ಎತ್ತಿ ನೋಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?’

ಕಂಪ್ಯೂಟರನ್ನು ಇಂಗ್ಲಿಷಿಗೆ ತಿರುಗಿಸಿ, ತಾನೂ ಪರದೆ ನೋಡದೆ, ಅವನ ಹಾಗೆಯೇ ಎರಡು ಬೆರಳಲ್ಲಿ ಝತ್ವಾರಚ್ ಅಂತ ಒತ್ತಿದಳು. ತಲೆ ಎತ್ತಿದಾಗ ಹದಿನಾಲ್ಕು ಫೈಲು ಸಾಲಾಗಿ ನಿಂತಿದ್ದವು. ಒಂಬತ್ತನೆಯದು ಚೌಕದ್ದು. ನಕ್ಷೆಯ ಮೂಲೆಯಲ್ಲಿ 1967 ಅಂತ ಬರೆದಿತ್ತು.

ಆ ಕಾಲದಲ್ಲಿ ಚೌಕ ಈಗಿನ ಅರ್ಧದಷ್ಟೂ ಇರಲಿಲ್ಲ. ವಾಲ್ವ್ ಇದ್ದದ್ದು ಚೌಕದ ಅಂಚಿನಲ್ಲಿ, ಕುದುರೆಯ ಜೀನು ಹೊಲಿಯುವವನೊಬ್ಬನ ಹಿತ್ತಲಲ್ಲಿ. ಆ ಹಿತ್ತಲ ಮೇಲೆ ಯಾವಾಗಲೋ ಕಟ್ಟಡ ಎದ್ದು ಈಗ ನೆವೆನ್ಕಾಳ ಸಿಹಿತಿಂಡಿ ಅಂಗಡಿಯ ಉಗ್ರಾಣವಾಗಿತ್ತು. ಆ ಉಗ್ರಾಣದ ಮೀಟರನ್ನೂ ರಾದಿಂಕಾ ಓದಿದ್ದಳಲ್ಲ!

ನಕ್ಷೆ ಮುದ್ರಿಸಿಕೊಂಡು, ಕೋಲು ಊರಿಕೊಂಡು ಚೌಕಕ್ಕೆ ಬಂದಾಗ ಹನ್ನೊಂದೂ ಮುಕ್ಕಾಲು. ಗುಂಡಿ ತೋಡುವವರ ಮೇಸ್ತ್ರಿ ಮಿಲುಟಿನ್ ಗುದ್ದಲಿಗೆ ಒರಗಿ ನಿಂತಿದ್ದ.

‘ಏನಮ್ಮಾ ರಾದಾ, ನಿನ್ನ ಕಂಪ್ಯೂಟರ್ ಏನಂತೆ? ಕಾಫಿ ಬಟ್ಟಲಿನ ಗಸಿ ನೋಡಿ ಕಣಿ ಹೇಳ್ತಾ?’

‘ಹೇಳ್ತು. ಒಬ್ಬ ಸೋಮಾರಿ ಗುದ್ದಲಿಗೆ ಒರಗಿ ನಿಂತಿರ್ತಾನೆ, ಅವನನ್ನ ನೆವೆನ್ಕಾ ಅಂಗಡಿಗೆ ಎಳ್ಕೊಂಡು ಹೋಗು ಅಂತು. ಬಾ.’

ನೆವೆನ್ಕಾ ಬಾಗಿಲಿಗೆ ಅಡ್ಡ ನಿಂತಳು. ‘ನನ್ನ ಉಗ್ರಾಣದಲ್ಲಿ ವಾಲ್ವಾ? ಹೋದ ವರ್ಷ ತಾನೆ ಟೈಲ್ಸ್ ಹಾಕ್ಸಿದೀನಿ! ಬೇರೆ ಕಡೆ ಅಗೀರಿ.’

‘ಬೇರೆ ಕಡೆ ಅಗೆದಾಯ್ತು. ನೋಡು ನೆವೆನ್ಕಾ, ನಿನ್ನ ಮಾವ ಒಂದು ಗಂಟೆಗೆ ಆಸ್ಪತ್ರೇಲಿ ಡಯಾಲಿಸಿಸ್ ಕುರ್ಚೀಲಿ ಕೂರ್ಬೇಕೋ ಬೇಡ್ವೋ?’

ನೆವೆನ್ಕಾ ಬಾಗಿಲು ಬಿಟ್ಟು ಸರಿದಳು. ಆಮೇಲೆ ತಾನೇ ಬಗ್ಗಿ ಅಕ್ರೋಟಿನ ಮೂಟೆಗಳನ್ನು ಎಳೆಯತೊಡಗಿದಳು.

ನಕ್ಷೆಯ ಪ್ರಕಾರ ಮೂಲೆಕಲ್ಲಿನಿಂದ ನಾಲ್ಕು ಮೀಟರ್ ಇಪ್ಪತ್ತು ಸೆಂಟಿಮೀಟರ್. ವೊಯಿನ್ ಟೇಪು ಹಿಡಿದ, ಮಿಲುಟಿನ್ ಹೊಡೆದ. ಎರಡು ಟೈಲ್ ಒಡೆದವು, ಮೂರನೆಯದರ ಅಡಿಯಲ್ಲಿ ಗಾರೆ, ಗಾರೆಯ ಅಡಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಮುಚ್ಚಳ. ವಾಲ್ವ್ ಸುಲಭಕ್ಕೆ ಬಗ್ಗಲಿಲ್ಲ. ಎಣ್ಣೆ ಸುರಿದು, ಉದ್ದನೆಯ ಕೀಲಿ ಹಾಕಿ, ಇಬ್ಬರು ಮುಖ ಕೆಂಪಾಗುವ ಹಾಗೆ ತಳ್ಳಿದರು. ಹನ್ನೆರಡೂ ಹತ್ತಕ್ಕೆ ಅದು ಒಂದು ಸಲ ಕಿರ್ರ್ ಅಂದು ತಿರುಗಿತು. ಹೊರಗೆ ಚೌಕದಲ್ಲಿ ಉಕ್ಕುತ್ತಿದ್ದ ನೀರು ತಗ್ಗುತ್ತ ತಗ್ಗುತ್ತ ಗುಂಡಿಯೊಳಗೆ ನಿಂತುಬಿಟ್ಟಿತು.

ಒಂದಕ್ಕೆ ಹತ್ತು ನಿಮಿಷ ಇದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ನೀರು ಹತ್ತಿತ್ತು. ರಾದಿಂಕಾ ಅಂಗಡಿಯ ಮುಂದಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು. ನೆವೆನ್ಕಾ ಒಂದು ತಟ್ಟೆ ಬಕ್ಲಾವಾ ಮಿಠಾಯಿ ತಂದಿಟ್ಟು, ‘ಟೈಲ್ಸ್ ವಿಷ್ಯ ಮಾತ್ರ ನಾನು ಬಿಡಲ್ಲ’ ಅಂದಳು.

‘ಬಿಡಬೇಡ’ ಅಂದಳು ರಾದಿಂಕಾ, ತಿನ್ನುತ್ತ.

ಮರುದಿನದಿಂದ ಅವಳು ಹೆಸರು ತಿದ್ದಲು ಕೂತಳು. ಫೈಲು ತೆರೆಯುವುದು, ಯಾವ ಬೀದಿ ಅಂತ ನೋಡುವುದು, ನೆಟ್ಟಗಿನ ಹೆಸರು ಕೊಡುವುದು, ಮುಂದಿನದು. ಹೊಸ ಹೆಸರಿನ ಹಿಂದೆ ಲ್ಯೂಬಿಶಾ ಕೊಟ್ಟದ್ದನ್ನೂ ಹಾಗೆಯೇ ಉಳಿಸಿದಳು. ‘ಆ ಕಸ ಯಾಕೆ, ಅಳಿಸಿ’ ಅಂತ ವೊಯಿನ್ ಅಂದದ್ದಕ್ಕೆ, ‘ಅವನ ಆರು ವರ್ಷ ಅದು, ಇರ್ಲಿ’ ಅಂದಳು. ನಿವೃತ್ತಿಯ ದಿನಕ್ಕೆ ಮೂವತ್ತೊಂದು ಸಾವಿರ ಮುಗಿದಿತ್ತು. ಹೂಗುಚ್ಛ ಹಿಡಿದುಕೊಂಡು ಮನೆಗೆ ಹೋದವಳು ಮುಂದಿನ ಸೋಮವಾರ ಎಂಟು ಗಂಟೆಗೆ ಮತ್ತೆ ಮೆಟ್ಟಿಲು ಹತ್ತಿದಳು. ಯಾರೂ ತಡೆಯಲಿಲ್ಲ. ಉಳಿದ ಹತ್ತು ಸಾವಿರಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು.