ಐರಿಷ್ ರೈಲಿಗೆ ಕೊಳೆ ಹಚ್ಚುವ ಡೆಲ್ಫಿನ್ ಬಾಯಿ

ಅಬುಧಾಬಿಯ ಮುಸಫ್ಫಾದಲ್ಲಿರುವ ಕ್ಲೀನಿಂಗ್ ಕಂಪನಿಯೊಂದರ ವಸತಿ ಕಟ್ಟಡ. ಬೆಳಗಿನ ಬಾಂಗ್ ಆಗಿ ಸ್ವಲ್ಪ ಹೊತ್ತಾಗಿದೆ. ತಾರಸಿಯಲ್ಲಿ ಒಣಗಲು ಹಾಕಿದ ಸಮವಸ್ತ್ರಗಳ ಸಾಲಿನ ಆಚೆ, ಕವುಚಿ ಹಾಕಿದ ಬಕೆಟ್ಟಿನ ಮೇಲೆ ಡೆಲ್ಫಿನ್ ಕೂತಿದ್ದಾರೆ. ಎದುರಿಗೆ ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಸ್ಟೀಲಿನ ಟಿಫಿನ್ ಡಬ್ಬಿ. ಮುಚ್ಚಳ ತೆಗೆದರೆ ಒಳಗೆ ಇಡ್ಲಿ ಇಲ್ಲ, ಹತ್ತಿಯ ಹಾಸಿಗೆಯಲ್ಲಿ ಮಲಗಿದ ಒಂದು ರೈಲ್ವೆ ವ್ಯಾಗನ್ ಇದೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಗುಡಾಣದಂಥ ದುಂಡು ಹೊಟ್ಟೆ, ಬೆಂಕಿಕಡ್ಡಿಗಿಂತ ತೆಳುವಾದ ಏಣಿ, ಬದಿಯಲ್ಲಿ ಕಣ್ಣು ಕಿರಿದು ಮಾಡಿ ಓದಬೇಕಾದ ಅಂಕಿಗಳು. ಐರ್ಲೆಂಡಿನಲ್ಲಿ ಒಂದು ಕಾಲಕ್ಕೆ ಸಿಮೆಂಟ್ ಸಾಗಿಸುತ್ತಿದ್ದ ವ್ಯಾಗನ್ನಿನ, ಅಳತೆಯಲ್ಲಿ ಕೂದಲಷ್ಟೂ ತಪ್ಪದ ಮಾದರಿ ಅದು.

ದಿನವಿಡೀ ಕಂಡವರ ಮನೆಯ ಕೊಳೆ ತೆಗೆಯುವ ಡೆಲ್ಫಿನ್ ಈಗ ಮಾಡುತ್ತಿರುವುದು ಅದಕ್ಕೆ ತದ್ವಿರುದ್ಧ ಕೆಲಸ. ಮುಖಕ್ಕೆ ಪೌಡರ್ ಹಚ್ಚುವ ಹಳೆಯ ಬ್ರಷ್ಷಿನ ತುದಿಯಲ್ಲಿ ಬೂದು ಬಣ್ಣದ ಪುಡಿ ತೆಗೆದುಕೊಂಡು, ಉಸಿರು ಬಿಗಿಹಿಡಿದು, ವ್ಯಾಗನ್ನಿನ ನೆತ್ತಿಯ ಮುಚ್ಚಳದ ಸುತ್ತ ಮೆಲ್ಲಗೆ ತಟ್ಟುತ್ತಿದ್ದಾರೆ. ಅಂದರೆ ಶ್ರದ್ಧೆಯಿಂದ ಕೊಳೆ ಹಚ್ಚುತ್ತಿದ್ದಾರೆ.

“ಟ್ಯೂಬ್‌ಲೈಟಿನಲ್ಲಿ ಕೊಳೆ ಸುಳ್ಳು ಹೇಳ್ತದೆ ಮಾರಾಯ್ರೆ. ಬೆಳಿಗ್ಗೆಯ ಬೆಳಕಿಗೆ ಹಿಡಿದ್ರೆ ಎಲ್ಲಿ ಜಾಸ್ತಿ ಆಯ್ತು, ಎಲ್ಲಿ ಕಮ್ಮಿ ಆಯ್ತು ಅಂತ ಸರಿ ಗೊತ್ತಾಗ್ತದೆ” ಎನ್ನುತ್ತಾರೆ. ಆಮೇಲೆ ಒದ್ದೆ ಬಟ್ಟೆಯ ಚುಂಗನ್ನು ಬೆರಳಿಗೆ ಸುತ್ತಿ, ಅಂಕಿಗಳಿರುವ ಜಾಗವನ್ನು ಮಾತ್ರ ಒಮ್ಮೆ ಒರೆಸುತ್ತಾರೆ. ಕಷ್ಟಪಟ್ಟು ಹಚ್ಚಿದ್ದನ್ನು ಒರೆಸುವುದೇಕೆ ಎಂದು ಕೇಳುವಷ್ಟರಲ್ಲಿ ಕೆಳಗಿನಿಂದ ವ್ಯಾನಿನ ಚಾಲಕ “ಯಲ್ಲಾ, ಯಲ್ಲಾ” ಎಂದು ಅವಸರಪಡಿಸುತ್ತ ಕೂಗುತ್ತಾನೆ. ಡಬ್ಬಿ ಮುಚ್ಚಿಕೊಳ್ಳುತ್ತದೆ. ಇವತ್ತು ಖಾಲಿದಿಯಾದಲ್ಲಿ ಗುಡಿಸಿ ಒರೆಸಬೇಕಾದ ಮನೆಗಳು ನಾಲ್ಕು. ಕೊನೆಯದು ಆಗಸ್ಟಿನ್ ಅವರದು, ಈ ವ್ಯಾಗನ್ನಿನ ಒಡೆಯರದು. ಸಂಜೆ ಅಲ್ಲಿ ಡೆಲ್ಫಿನ್‌ಗೆ ಒಂದು ಪರೀಕ್ಷೆಯಿದೆ.

ಉಡುಪಿ ಬಳಿಯ ಶಿರ್ವದ ಡೆಲ್ಫಿನ್, ಮದುವೆಗೆ ಮುಂಚೆ ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುತ್ತಿದ್ದವರು. ಗಂಡ ತೀರಿಕೊಂಡಾಗ ಮಗಳು ಜೆಸ್ಸಿಕಾ ಇನ್ನೂ ಬಾಲವಾಡಿಯಲ್ಲಿದ್ದಳು. ಮಗುವನ್ನು ಅಮ್ಮನ ಕೈಗಿತ್ತು ದುಬೈಗೆ ಬಂದವರು ಹೋಟೆಲೊಂದರಲ್ಲಿ ಹಾಸಿಗೆ ಹೊದಿಕೆ ಬದಲಿಸುತ್ತ, ಮುಹೈಸ್ನಾದ ವಸತಿಯಲ್ಲಿ ಎರಡಂತಸ್ತಿನ ಮಂಚದ ಮೇಲಿನ ಅಂತಸ್ತಿನಲ್ಲಿ ವರ್ಷಗಟ್ಟಲೆ ಕಳೆದರು. ಹೋಟೆಲು ಮುಚ್ಚಿತು. ವೀಸಾ ಮುಗಿಯುವ ಹೊತ್ತಿಗೆ ಅಬುಧಾಬಿಯ ಕ್ಲೀನಿಂಗ್ ಕಂಪನಿ ಕೈ ಹಿಡಿಯಿತು. ಬೆನ್ನು ನೋವು, ಸೋಪಿಗೆ ಬಿರಿದ ಬೆರಳು, ಫೋನಿನಲ್ಲೇ ದೊಡ್ಡವಳಾದ ಮಗಳು. ಇದನ್ನೆಲ್ಲ ಅವರು ಹೇಳುವ ಧಾಟಿ ನೋಡಿದರೆ, ಬೇರೆ ಯಾರದೋ ಸುದ್ದಿಯೇನೋ ಅನ್ನಿಸಬೇಕು.

“ಕ್ಲೀನಿಂಗಿನಲ್ಲಿ ನನ್ನ ಹೆಸರಿಗೆ ಒಂದು ಕಂಪ್ಲೇಂಟ್ ಇಲ್ಲ. ಒಂದೇ ಒಂದು ಸಲ ಮರ್ಯಾದೆ ಹೋದದ್ದು, ಅದೂ ಜಾಸ್ತಿ ಕ್ಲೀನ್ ಮಾಡಿ” ಎಂದು ನಗುತ್ತಾರೆ. ಈಗ ನಗು ಬರುತ್ತದೆ. ಆಗ ಬಂದಿರಲಿಲ್ಲ.

ಆಗಸ್ಟಿನ್ ಮಂಗಳೂರಿನವರು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಹಿರಿಯ ನರ್ಸ್. ಅದಕ್ಕೆ ಮುಂಚೆ ಬಹಳ ವರ್ಷ ಐರ್ಲೆಂಡಿನಲ್ಲಿದ್ದರು. ಅಲ್ಲಿ ಡೊನಾಲ್ ಎಂಬ ನಿವೃತ್ತ ರೈಲ್ವೆ ನೌಕರನ ಮನೆಯ ಮಹಡಿಯಲ್ಲಿ ಅವರ ಬಾಡಿಗೆ ಕೋಣೆ. ಸಿಮೆಂಟ್ ಕಾರ್ಖಾನೆಯ ಹಳಿಗಳಲ್ಲಿ ವ್ಯಾಗನ್ ಜೋಡಿಸುವುದು, ಅವುಗಳ ನಂಬರು ಬರೆದುಕೊಳ್ಳುವುದು ಡೊನಾಲ್‌ನ ಜೀವಮಾನದ ಕೆಲಸವಾಗಿತ್ತು. ಅವನ ಸಹವಾಸದಲ್ಲಿ ಆಗಸ್ಟಿನ್‌ಗೂ ರೈಲಿನ ಹುಚ್ಚು ಹಿಡಿಯಿತು. ಕಿತ್ತಳೆ ಕಪ್ಪು ಬಣ್ಣದ ಡೀಸೆಲ್ ಎಂಜಿನ್, ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಸಾಗಿಸುವ ಪೆಟ್ಟಿಗೆ ವ್ಯಾಗನ್, ಜಲ್ಲಿಯ ವ್ಯಾಗನ್, ಎಲ್ಲವೂ ಅಸಲಿನ ಎಪ್ಪತ್ತಾರನೇ ಒಂದು ಪಾಲಿನ ಅಳತೆಯಲ್ಲಿ. ಮೊಳೆಯೊಂದು ಆಚೀಚೆಯಾದರೂ ಆಗಸ್ಟಿನ್ ಕೊಳ್ಳುವುದಿಲ್ಲ. ಆದರೆ ಸಂಗ್ರಹದ ಪ್ರಾಣವೆಂದರೆ ಒಂದು ಡಜನ್ ಸಿಮೆಂಟ್ ವ್ಯಾಗನ್‌ಗಳು. ಹೊಸದಾಗಿ ಬಂದ ಒಂದೊಂದಕ್ಕೂ ಡೊನಾಲ್ ತಾನು ಕಂಡಂತೆ ಸಿಮೆಂಟಿನ ಧೂಳು, ತುಕ್ಕು, ಎಣ್ಣೆಯ ಕಲೆ ಹಚ್ಚಿ ಕೊಟ್ಟಿದ್ದ. ಆಗಸ್ಟಿನ್ ಅಬುಧಾಬಿಗೆ ಬಂದ ಮೇಲೂ ಅಂಚೆಯಲ್ಲಿ ಕಳಿಸುತ್ತಿದ್ದ. ಆಮೇಲೆ ಡೊನಾಲ್ ತೀರಿಕೊಂಡ. ಅಲ್ಲಿಂದೀಚೆಗೆ ಪ್ರತಿ ಕ್ರಿಸ್ಮಸ್‌ಗೆ ಆಗಸ್ಟಿನ್ ಊಟದ ಮೇಜಿನ ಮೇಲೆ ಹಳಿ ಜೋಡಿಸಿ ಆ ಸಿಮೆಂಟ್ ರೈಲು ಓಡಿಸುವುದು, ಡೊನಾಲ್‌ನ ಹೆಂಡತಿ ನೋರಾ ಅದನ್ನು ವಿಡಿಯೊ ಕರೆಯಲ್ಲಿ ನೋಡುವುದು ಪದ್ಧತಿಯಾಯಿತು.

ಇದ್ಯಾವುದೂ ಡೆಲ್ಫಿನ್‌ಗೆ ಗೊತ್ತಿರಲಿಲ್ಲ. ಹಿಂದಿನ ವರ್ಷಕ್ಕೂ ಹಿಂದಿನ ಕ್ರಿಸ್ಮಸ್ ಹತ್ತಿರ ಬಂದಾಗ ಆಗಸ್ಟಿನ್, ಅವರ ಪತ್ನಿ ಮಾರ್ಗರೆಟ್ ಮದುವೆಯೊಂದಕ್ಕೆಂದು ಊರಿಗೆ ಹೋಗಿದ್ದರು. ಕೀಲಿಕೈ ಡೆಲ್ಫಿನ್ ಬಳಿಯಿತ್ತು. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮುಂಚೆ ಅಟ್ಟದಿಂದ ಅಂಗಳದ ತನಕ ತೊಳೆಯದೆ ಬಿಡುವುದು ಯಾವುದೂ ಇಲ್ಲ. ಗಾಜಿನ ಕಪಾಟಿನಲ್ಲಿ ಧೂಳು ತಿಂದ ರೈಲು ಕಂಡರೆ ಶಿರ್ವದ ಕೈ ಸುಮ್ಮನಿರುತ್ತದೆಯೇ? ಹಳೆಯ ಟೂತ್‌ಬ್ರಷ್, ಕಿವಿಗೆ ಹಾಕುವ ಹತ್ತಿಕಡ್ಡಿ, ಬೆಚ್ಚನೆಯ ಸೋಪಿನ ನೀರು. ಕೊನೆಯ ವ್ಯಾಗನ್ ಒಂದು ಉಳಿಯಿತು ಅನ್ನುವಾಗ ಕೆಳಗೆ ವ್ಯಾನಿನ ಹಾರ್ನ್ ಆಯಿತು. ಹಾಗಾಗಿ ಅದೊಂದು ಬಚಾವಾಯಿತು.

“ಸರ್ ಬಂದು ಕಪಾಟು ನೋಡಿ ನೆಲದ ಮೇಲೆಯೇ ಕೂತ್ರು. ಬೈಲಿಲ್ಲ. ಬೈದಿದ್ರೆ ಆಗ್ತಿತ್ತು. ‘ಡೆಲ್ಫಿನ್ ಬಾಯಿ, ಅದು ಕೊಳೆ ಅಲ್ಲ, ತೀರಿಹೋದ ನನ್ನ ಗೆಳೆಯನ ಕೈಕೆಲಸ’ ಅಂತ ಹೇಳಿದ್ರು ನೋಡಿ. ಸತ್ತವರ ಕೈಕೆಲಸವನ್ನು ಸಿಂಕಿಗೆ ಬಿಟ್ಟಿದ್ದೇನಲ್ಲ ನಾನು!”

ಆ ಕ್ರಿಸ್ಮಸ್‌ಗೂ ಅದರ ಮರುವರ್ಷವೂ ರೈಲು ಓಡಲಿಲ್ಲ. ಎಂಜಿನ್ ಕೆಟ್ಟಿದೆ ಎಂದು ಆಗಸ್ಟಿನ್ ನೋರಾಗೆ ಸುಳ್ಳು ಹೇಳಿದರು. ಡೆಲ್ಫಿನ್ ಆ ಮನೆಗೆ ಹೋಗುವಾಗಲೆಲ್ಲ ಕಪಾಟಿನ ಕಡೆ ಮುಖ ತಿರುಗಿಸದೆ ನೆಲ ಒರೆಸಿದರು. ಕೊನೆಗೊಂದು ದಿನ ತಡೆಯಲಾಗದೆ ಕೇಳಿದರು: “ಸರ್, ನಾನೇ ತೆಗೆದದ್ದು, ನಾನೇ ಹಚ್ಚಿ ಕೊಟ್ರೆ ಆಗ್ತದಾ?” ಮಾರ್ಗರೆಟ್ ಗಂಡನಿಗೆ ಹೇಳಿದರು: “ಕೊಡಿ ಅವಳಿಗೆ. ಇನ್ನು ಕೆಡ್ಲಿಕ್ಕೆ ಎಂತ ಉಂಟು ಅದರಲ್ಲಿ?”

ತೊಳೆಯದೆ ಉಳಿದ ವ್ಯಾಗನ್ನೇ ಡೆಲ್ಫಿನ್‌ಗೆ ಪಾಠಶಾಲೆಯಾಯಿತು. ಅದನ್ನು ಅವರು ಇವತ್ತಿಗೂ ಮುಟ್ಟುವುದಿಲ್ಲ, ಭೂತಗನ್ನಡಿ ಹಿಡಿದು ನೋಡುತ್ತಾರೆ ಅಷ್ಟೆ. ಜೊತೆಗೆ ಆಗಸ್ಟಿನ್ ತೋರಿಸಿದ ಹಳೆಯ ಫೋಟೊಗಳು. ಮೊದಲು ಹಚ್ಚಿದ್ದು ಸ್ಕೂಲ್ ಡೇಗೆ ಪೌಡರ್ ಬಳಿದ ಮಗುವಿನ ಮುಖದಂತಾಯಿತಂತೆ. ತೊಳೆದರು, ಮತ್ತೆ ಹಚ್ಚಿದರು. ಎಷ್ಟು ಸಲವೆಂದು ಅವರಿಗೂ ನೆನಪಿಲ್ಲ. ರಜೆಯ ದಿನಗಳೆಲ್ಲ ಅದಕ್ಕೇ ಹೋದವು. ಅದೇ ರೂಮಿನಲ್ಲಿರುವ ನಾಗಮಣಿ ತನ್ನ ಪೌಡರ್ ಬ್ರಷ್ ಕೊಟ್ಟಳು. ಊರಿನಿಂದ ಜೆಸ್ಸಿಕಾ ಮಾತ್ರ “ಮಮ್ಮಾ, ಆರ್ ಯೂ ಸೀರಿಯಸ್?” ಎಂದು ಹೊಟ್ಟೆ ಹಿಡಿದು ನಕ್ಕಳು.

“ಕೊಳೆಗೆ ಒಂದು ದಾರಿ ಉಂಟು. ಅದು ಮೇಲಿಂದ ಬಿದ್ದದ್ದಾ, ಕೆಳಗಿಂದ ಹಾರಿದ್ದಾ, ಯಾರಾದ್ರೂ ಕೈ ಇಟ್ಟು ಹತ್ತಿದ್ದಾ ಅಂತ ನೋಡ್ಬೇಕು. ತೆಗೆಯುವಾಗಲೂ ಅಷ್ಟೇ, ಹಾಕುವಾಗಲೂ ಅಷ್ಟೇ” ಎನ್ನುವುದು ಡೆಲ್ಫಿನ್ ಕಂಡುಕೊಂಡ ಸೂತ್ರ.

ಅಂಕಿಗಳನ್ನು ಒರೆಸುವ ಗುಟ್ಟು ಬಿಟ್ಟುಕೊಡುವುದು ವ್ಯಾನಿನಲ್ಲಿ. ಮುಹೈಸ್ನಾದಲ್ಲಿ ಬೆಳಿಗ್ಗೆ ಬಿಳಿ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಎಲ್ಲವೂ ಒಂದೇ ಥರ. ಹಿಂದಿನ ದಿನ ಮರಳುಗಾಳಿ ಎದ್ದಿತ್ತೆಂದರೆ ನಂಬರೇ ಕಾಣದು. ಆಗ ಕಟ್ಟಡ ಕೆಲಸದ ಗಂಡಸರು ಅಂಗಿಯ ತೋಳಿನಿಂದ ನಂಬರಿನ ಮೇಲೆ ಒಮ್ಮೆ ಉಜ್ಜಿ, ತಮ್ಮ ಬಸ್ ಹೌದೆಂದು ಗೊತ್ತಾದ ಮೇಲೆ ಹತ್ತುತ್ತಿದ್ದರು. ಬಸ್ಸಿಡೀ ಮಣ್ಣು, ನಂಬರಿನ ಸುತ್ತ ಮಾತ್ರ ಒಂದು ತೋಳಿನಗಲ ಬೆಳ್ಳಗೆ. “ರೈಲಿನ ನಂಬರನ್ನೂ ಯಾರಾದ್ರೂ ಓದ್ಲೇಬೇಕಲ್ಲ? ಡೊನಾಲ್ ಅವರ ವ್ಯಾಗನಲ್ಲಿ ಹಾಗೆ ಇಲ್ಲ. ಆದ್ರೂ ನಂಗೆ ಮನಸ್ಸು ಕೇಳ್ಲಿಲ್ಲ. ಹನ್ನೊಂದಕ್ಕೂ ಮಾಡಿದ್ದೇನೆ. ತಪ್ಪಾದ್ರೆ ಇವತ್ತು ಗೊತ್ತಾಗ್ತದೆ.”

ಪರೀಕ್ಷೆಯೆಂದರೆ ಇದೇ. ಹಬ್ಬ ಹತ್ತಿರ ಬಂದಿದೆ, ನೋರಾಗೆ ಇವತ್ತು ರೈಲು ತೋರಿಸಬೇಕು. ಏನೂ ಹೇಳದೆ ಓಡಿಸಿಬಿಡೋಣ ಎಂದಿದ್ದರು ಆಗಸ್ಟಿನ್. ಡೆಲ್ಫಿನ್ ಒಪ್ಪಲಿಲ್ಲ. ಮೊದಲು ಹೇಳಬೇಕು, ಆಮೇಲೆ ತೋರಿಸಬೇಕು ಎಂದು ಪಟ್ಟು ಹಿಡಿದರು.

ಸಂಜೆ ಖಾಲಿದಿಯಾದ ಆ ಮನೆಯಲ್ಲಿ ಊಟದ ಮೇಜಿನ ಮೇಲೆ ಹಳಿ ಸಿದ್ಧವಾಗಿದೆ. ಮಾರ್ಗರೆಟ್ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳ ತಟ್ಟೆ ತಂದಿಟ್ಟಿದ್ದಾರೆ, ಯಾರೂ ಕೈ ಹಾಕಿಲ್ಲ. ಲ್ಯಾಪ್‌ಟಾಪಿನ ಪರದೆಯಲ್ಲಿ ಬಿಳಿ ಕೂದಲಿನ ನೋರಾ. ಅಲ್ಲಿ ಇನ್ನೂ ಮಧ್ಯಾಹ್ನ. ಆಗಸ್ಟಿನ್ ತಡವರಿಸುತ್ತ ಎಲ್ಲ ಹೇಳುತ್ತಾರೆ. ಡೆಲ್ಫಿನ್ ಸಮವಸ್ತ್ರದಲ್ಲೇ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಾರೆ. ರೈಲು ಓಡಲಿ ಎಂದು ನೋರಾ ಕೈಸನ್ನೆ ಮಾಡುತ್ತಾರೆ.

ಕಿತ್ತಳೆ ಎಂಜಿನ್ ಗುರುಗುಟ್ಟಿ ಹೊರಡುತ್ತದೆ. ಹಿಂದೆ ಸಿಮೆಂಟಿನ ಧೂಳು ಹೊದ್ದ ಗುಡಾಣಗಳು ಒಂದರ ಹಿಂದೊಂದು. ಆಗಸ್ಟಿನ್ ಕ್ಯಾಮೆರಾವನ್ನು ಹತ್ತಿರ ಹಿಡಿಯುತ್ತಾರೆ. ಎರಡನೇ ಸುತ್ತಿಗೆ ನೋರಾ ನಿಲ್ಲಿಸಲು ಹೇಳುತ್ತಾರೆ. ನಂಬರಿನ ಬಳಿ ಯಾಕೆ ಹಾಗೆ ಬೆಳ್ಳಗಿದೆ, ಅದನ್ನು ಮಾಡಿದ್ದು ಯಾರು ಎಂದು ಕೇಳುತ್ತಾರೆ. ಮಾರ್ಗರೆಟ್ ಬಾಗಿಲಲ್ಲಿದ್ದ ಡೆಲ್ಫಿನ್ ಕೈ ಹಿಡಿದು ಪರದೆಯ ಮುಂದೆ ತಂದು ನಿಲ್ಲಿಸುತ್ತಾರೆ.

ನೋರಾ ಮಾತಾಡುತ್ತಾರೆ, ಆಗಸ್ಟಿನ್ ಕನ್ನಡದಲ್ಲಿ ಹೇಳುತ್ತ ಹೋಗುತ್ತಾರೆ. ಡೊನಾಲ್ ನಂಬರು ಬರೆದುಕೊಳ್ಳುವ ಮುಂಚೆ ಅಂಗಿಯ ಬಲತೋಳಿನಿಂದ ಹಾಗೆಯೇ ಒರೆಸುತ್ತಿದ್ದನಂತೆ. ದಿನಾ ಸಂಜೆ ಆ ಒಂದು ತೋಳು ಮಾತ್ರ ಸಿಮೆಂಟು ಹಿಡಿದು ರಟ್ಟಿನಂತಾಗಿ ಬರುತ್ತಿತ್ತಂತೆ. “ವ್ಯಾಗನ್ನಿಗೆ ಬಣ್ಣ ಹಚ್ಚುವಾಗ ಅವನಿಗೆ ಅದು ನೆನಪೇ ಆಗಲಿಲ್ಲ. ಹೇಗೆ ಆದೀತು? ಆ ತೋಳು ಉಜ್ಜಿ ಒಗೆದವಳು ನಾನಲ್ಲವೇ” ಎಂದು ನೋರಾ ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಇನ್ನೊಂದು ಸುತ್ತು ಓಡಲಿ ಎನ್ನುತ್ತಾರೆ.

ರೈಲಿನ ಸುದ್ದಿ ಆಗಲೇ ಬಾಯಿಂದ ಬಾಯಿಗೆ ದಾಟಿದೆ. ದುಬೈನ ಡಿಸ್ಕವರಿ ಗಾರ್ಡನ್ಸ್‌ನಲ್ಲಿರುವ ತೌಫೀಕ್ ಎಂಬ ಸಂಗ್ರಾಹಕರು ತಮ್ಮ ಬೀಟ್ ವ್ಯಾಗನ್‌ಗಳಿಗೂ ಕೆಸರು ಹಚ್ಚಿಕೊಡುವಿರಾ ಎಂದು ಕೇಳಿ ಕಳಿಸಿದ್ದಾರೆ. ಸದ್ಯಕ್ಕೆ ಆಗದು ಎಂದು ಡೆಲ್ಫಿನ್ ನಗುತ್ತ ತಲೆಯಾಡಿಸಿದ್ದಾರೆ. ಹಬ್ಬದ ತೊಳೆಯುವ ಕೆಲಸವೇ ಕೈತುಂಬ ಇದೆ.

ಕೆಳಗೆ ವ್ಯಾನಿನ ಹಾರ್ನ್ ಕೇಳುತ್ತದೆ. ಡೆಲ್ಫಿನ್ ಖಾಲಿ ಟಿಫಿನ್ ಡಬ್ಬಿಯಿಂದ ಹತ್ತಿ ತೆಗೆದು, ಮಾರ್ಗರೆಟ್ ಕೊಟ್ಟ ಕುಸ್ವಾರ್ ತುಂಬಿಕೊಳ್ಳುತ್ತಾರೆ. ಲಿಫ್ಟಿನಲ್ಲಿ ಇಳಿಯುವಾಗ, ಇನ್ನೇನು ಆಸೆ ಉಂಟು ಡೆಲ್ಫಿನ್ ಬಾಯಿ ಎಂದು ಕೇಳಿದರೆ, ಬಿರಿದ ಬೆರಳುಗಳ ಸೀಳುಗಳಲ್ಲಿ ಉಳಿದ ಬೂದು ಪುಡಿಯನ್ನು ನೋಡಿಕೊಳ್ಳುತ್ತಾರೆ. ಅದನ್ನು ಒರೆಸಿಕೊಳ್ಳುವುದಿಲ್ಲ.

“ಇನ್ನೆಂತ ಬೇಕು? ಆ ತೋಳು ಒಗೆದವರಿಗೆ ಗುರ್ತ ಸಿಕ್ಕಿತಲ್ಲ, ಸಾಕು.”