ಎಂಟನೇ ಕೊಳವೆ

ನಮ್ಮ ದೊಡ್ಡಪ್ಪನಿಗೆ ಕೆಲಸದ ಕಡೆ ಬತ್ತಿ ಮಾಸ್ತರ ಎಂದೇ ಹೆಸರು. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಸಹಾಯಕರಾಗಿದ್ದರು. ಒದ್ದೆ ಜೇಡಿಮಣ್ಣನ್ನು ಗಾಜಿನ ಮೇಲೆ ಅಂಗೈಯಲ್ಲಿ ಹೊಸೆದು ಬತ್ತಿ ಮಾಡುವುದು ಅಲ್ಲಿನ ಒಂದು ಪರೀಕ್ಷೆ. ಮೂರು ಮಿಲಿಮೀಟರ್ ದಪ್ಪಕ್ಕೆ ಬಂದಾಗ ಬತ್ತಿ ಬಿರಿದರೆ, ಆ ಹೊತ್ತಿನಲ್ಲಿ ಮಣ್ಣಿನಲ್ಲಿ ಎಷ್ಟು ನೀರಿದೆ ಎಂದು ಅಳೆಯುತ್ತಾರೆ. ಬೇರೆಯವರು ಪಕ್ಕದಲ್ಲಿ ಅಳತೆಯ ಕಂಬಿ ಇಟ್ಟುಕೊಂಡು ಹೊಸೆದರೆ ದೊಡ್ಡಪ್ಪ ಕಣ್ಣು ಮುಚ್ಚಿಕೊಂಡೇ ದಪ್ಪ ಹೇಳುತ್ತಿದ್ದರು. "ಬತ್ತಿ ಇಡೋರು ಊರು ತುಂಬ ಇದಾರೆ, ಹೊಸೆಯೋನು ನಾನೊಬ್ಬನೇ" ಎಂದು ತಾವೇ ನಗುತ್ತಿದ್ದರು.

ಅವರಿಗೂ ದೊಡ್ಡಮ್ಮನಿಗೂ ಮಕ್ಕಳಿರಲಿಲ್ಲ. ಆ ಜಾಗದಲ್ಲಿ ನಾನು ಯಾರನ್ನೂ ಕೇಳದೆ ಹೋಗಿ ಕೂತಿದ್ದೆ. "ಮಣ್ಣು ಅಂದ್ರೆ ಬರೀ ಮಣ್ಣಲ್ಲ ಕಣಮ್ಮ, ನೀರೂ ಇದೆ, ಗಾಳಿನೂ ಇದೆ. ನೀರು ಹೋಯ್ತು ಅಂದ್ರೆ ಅದು ಬೇರೆ ಮಣ್ಣೇ" ಎಂದು ನನಗೆ ಮೊದಲು ಹೇಳಿಕೊಟ್ಟವರು ಅವರು, ಕಾಲೇಜಲ್ಲ. ಎಂಜಿನಿಯರಾಗಿ ಅದೇ ಲ್ಯಾಬಿಗೆ ಸೇರಿದಾಗ ನನ್ನನ್ನು ಎಲ್ಲರೆದುರು "ಮೇಡಂ" ಎಂದು ಕರೆದು ಮೀಸೆಯಲ್ಲೇ ನಕ್ಕರು.

ನೆಲ ಕೊರೆದು ಉಕ್ಕಿನ ಕೊಳವೆಯಲ್ಲಿ ಮಣ್ಣು ತೆಗೆದ ಮೇಲೆ ಅದರ ಎರಡು ಬಾಯಿಗೂ ಕರಗಿದ ಮೇಣ ಹಚ್ಚಿ ಮುಚ್ಚಬೇಕು. ಇಲ್ಲದಿದ್ದರೆ ಒಳಗಿನ ಜೇಡಿ ಒಣಗಿ ಗಟ್ಟಿಯಾಗುತ್ತದೆ. ಮೇಣ ಹಚ್ಚದ ಕೊಳವೆ ಸುಳ್ಳು ಹೇಳುತ್ತದೆ ಎನ್ನುವುದು ದೊಡ್ಡಪ್ಪನ ಮಾತು.

ಹೆಣ್ಣುಮಕ್ಕಳ ಹಾಸ್ಟೆಲೊಂದಕ್ಕೆ ನೆಲ ಕೊರೆದು ಎಂಟು ಕೊಳವೆ ತಂದ ದಿನ ದೊಡ್ಡಮ್ಮ ಆಸ್ಪತ್ರೆಯಲ್ಲಿದ್ದರು. ಹೃದಯದ ತೊಂದರೆ. ಪಕ್ಕದಲ್ಲಿ ನನ್ನ ಅಮ್ಮ ಇದ್ದಳು. ನಾನು ಬೇರೆ ಸೈಟಿಗೆ ಹೋಗಿದ್ದೆ. ಅಂದು ಮಧ್ಯಾಹ್ನದೊಳಗೆ ದೊಡ್ಡಮ್ಮ ತೀರಿಕೊಂಡರು. ದೊಡ್ಡಪ್ಪ ಓಡಿ ಬರುವಷ್ಟರಲ್ಲಿ ಮುಖಕ್ಕೆ ಬಟ್ಟೆ ಮುಚ್ಚಿಯಾಗಿತ್ತು.

ಅವರು ರಜೆಯಲ್ಲಿದ್ದಾಗ, ಲ್ಯಾಬಿನ ಹುಡುಗರು ಆ ಕೊಳವೆಗಳಿಂದ ಹೊರತೆಗೆದು ಕೊಟ್ಟ ಮಣ್ಣನ್ನು ಪರೀಕ್ಷಿಸಿದವಳು ನಾನು. ಮೇಲಿನ ಏಳರಲ್ಲೂ ಮಣ್ಣು ಮೆತ್ತಗಿತ್ತು. ಎಲ್ಲಕ್ಕಿಂತ ಆಳದ ಎಂಟನೆಯದು ಮಾತ್ರ ಅವುಗಳ ಎರಡರಷ್ಟು ಗಟ್ಟಿ. ಸದ್ಯ, ಗಟ್ಟಿ ನೆಲ ಸಿಕ್ಕಿತು ಎಂದು ಹಿಗ್ಗಿದೆ. ಕಟ್ಟಡದ ಕಂಬಗಳನ್ನು ಆ ಆಳಕ್ಕೆ ಇಳಿಸಿ ನಿಲ್ಲಿಸಿದರೆ ಸಾಕು ಎಂದು ವರದಿ ಬರೆದು ಸಹಿ ಹಾಕಿದೆ. ಅದು ನನ್ನ ಮೊದಲ ಸಹಿ.

ಹತ್ತು ದಿನದ ಮೇಲೆ ಕೆಲಸಕ್ಕೆ ಬಂದ ದೊಡ್ಡಪ್ಪ ವರದಿಯ ಪ್ರತಿ ಓದಿದರು. ಸೀದಾ ನನ್ನ ಮೇಜಿನ ಮುಂದೆ ಬಂದು ನಿಂತರು.

"ಎಂಟನೇದು ಸುಳ್ಳು ಹೇಳ್ತಿದೆ ಕಣಮ್ಮ. ಅದಕ್ಕೆ ಅವತ್ತು ಮೇಣ ಹಚ್ಚಿಲ್ಲ. ಅರ್ಧಕ್ಕೇ ಬಿಟ್ಟು ಓಡಿದ್ದೆ."

"ಈಗ ಹೇಳ್ತೀರಲ್ಲ ದೊಡ್ಡಪ್ಪ! ಗುರುವಾರ ಅಲ್ಲಿ ಕೆಲಸ ಶುರು!" ಎಂದು ರೇಗಿದೆ. ಹೆಂಡತಿ ಸತ್ತು ಹತ್ತು ದಿನವಾದ ಮನುಷ್ಯನ ಮೇಲೆ ರೇಗಿದೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

"ಹಂಗಾದ್ರೆ ಇವತ್ತೇ ಸಾಹೇಬರಿಗೆ ಹೇಳೋಣ. ನೀನು ಹಿಂದೆ ಇರು, ನಾನು ಹೇಳ್ತೀನಿ" ಎಂದರು.

ಮತ್ತೆ ನೆಲ ಕೊರೆಸಿದರು. ಅದೇ ಆಳದಲ್ಲಿ ಬೆಣ್ಣೆಯಂಥ ಮಣ್ಣು. ಗಟ್ಟಿ ಪದರ ಇದ್ದದ್ದು ಇನ್ನೂ ಐದು ಮೀಟರ್ ಕೆಳಗೆ. ಹಾಸ್ಟೆಲ್ ಬಚಾವಾಯಿತು. ದೊಡ್ಡಪ್ಪ ಆಗಲಿಲ್ಲ. ನಿವೃತ್ತಿಗೆ ಐದು ತಿಂಗಳಿದ್ದಾಗ ಅವರನ್ನು ಮನೆಗೆ ಕಳಿಸಿದರು. ಏಳು ಮೆತ್ತಗಿದ್ದು ಎಂಟನೆಯದೊಂದೇ ಗಟ್ಟಿ ಎಂದಾಗ ಅನುಮಾನ ಪಡಬೇಕಾಗಿದ್ದವಳು ನಾನು. ನನಗೆ ಬರೀ ಎಚ್ಚರಿಕೆಯ ಪತ್ರ ಸಿಕ್ಕಿತು. ಸಾಹೇಬರ ನ್ಯಾಯಕ್ಕೆ ಬೆಂಕಿ ಹಾಕ.

ಅಮ್ಮ ಒಂದು ದಿನ ಸೊಪ್ಪು ಬಿಡಿಸುತ್ತಾ ಅಂದಳು: "ಅವತ್ತು ಹನ್ನೊಂದಕ್ಕೇ ಭಾವನಿಗೆ ಫೋನ್ ಮಾಡಿದ್ದೆ. ಹನ್ನೆರಡಾದ್ರೂ ಬರಲಿಲ್ಲ. ಅಕ್ಕ ಮೂರು ಸಲ 'ಬಂದ್ರಾ?' ಅಂತ ಕೇಳಿದ್ಲು." ಲ್ಯಾಬಿನಿಂದ ಆಸ್ಪತ್ರೆಗೆ ಹತ್ತೇ ನಿಮಿಷದ ದಾರಿ. ಒಂದು ಕೊಳವೆಗೆ ಮೇಣ ಹಚ್ಚಲು ಏಳೆಂಟು ನಿಮಿಷ ಬೇಕು. ಲೆಕ್ಕ ಹಾಕಿದೆ: ಏಳು ಕೊಳವೆಗೆ ಹೆಚ್ಚುಕಡಿಮೆ ಒಂದು ಗಂಟೆ.

ಸಂಜೆ ಹೋಗಿ ಕೇಳಿದೆ. "ಫೋನ್ ಬಂದಾಗ ಎಷ್ಟನೇ ಕೊಳವೆ ಹಿಡಿದಿದ್ರಿ?"

"ಮೊದಲನೇದು" ಎಂದರು ದೊಡ್ಡಪ್ಪ. "ಎಂಟೇ ಅಲ್ವಾ, ಮುಗಿಸೇ ಹೋಗೋಣ ಅಂದ್ಕೊಂಡೆ. ಏಳು ಆಗೋ ಹೊತ್ತಿಗೆ ಗಡಿಯಾರ ನೋಡಿದೆ. ಬಿಟ್ಟು ಓಡಿದೆ. ಅವಳನ್ನೂ ಕಾಯಿಸಿದೆ, ಕೆಲಸಾನೂ ಕೆಡಿಸಿದೆ. ಎರಡೂ ಹೋಯ್ತು ನೋಡು."

ಹಾಸ್ಟೆಲ್ ಮುಗಿದು ಹುಡುಗಿಯರು ಬಂದ ಮೇಲೆ ನಾನೊಮ್ಮೆ ಹೋಗಿ ನಾಲ್ಕೂ ಮಹಡಿಯ ಗೋಡೆಗಳನ್ನು ನೋಡಿದೆ. ಅಲ್ಲಿಂದ ನೇರವಾಗಿ ದೊಡ್ಡಪ್ಪನ ಮನೆಗೆ ಹೋದೆ.

"ಬಿರುಕು?" ಎಂದು ಕೇಳಿದರು.

"ಒಂದೂ ಇಲ್ಲ."

ತಲೆಯಾಡಿಸಿದರು. ಅವರ ಬೆರಳುಗಳು ಪಂಚೆಯ ಅಂಚನ್ನು ಬತ್ತಿಯಂತೆ ಹೊಸೆಯುತ್ತಿದ್ದವು. ಒಂದೂವರೆ ವರ್ಷದಿಂದ ಯಾರನ್ನೂ ಕೇಳದಿದ್ದದ್ದನ್ನು ಆಗ ಕೇಳಿದರು: "ಅವತ್ತು ನಿನ್ನ ದೊಡ್ಡಮ್ಮ ನನ್ನ ಕೇಳಿದ್ಲಂತಾ? ನಿಮ್ಮಮ್ಮ ಏನಾದ್ರೂ ಅಂದ್ಲಾ?"

"ಇಲ್ಲ ದೊಡ್ಡಪ್ಪ. ಬೆಳಗ್ಗೆಯಿಂದ ಎಚ್ಚರಾನೇ ಇರಲಿಲ್ಲವಂತೆ. ಯಾರನ್ನೂ ಕೇಳಲಿಲ್ಲ."

ಹೊಸೆಯುತ್ತಿದ್ದ ಬೆರಳು ನಿಂತಿತು. ಸುಳ್ಳು ಹೇಳುವ ಮಣ್ಣನ್ನು ಮುಟ್ಟಿದ ಕೂಡಲೇ ಗುರುತಿಸುತ್ತಿದ್ದ ಮನುಷ್ಯ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು.

"ಹೌದಾ" ಎಂದರು. "ಸದ್ಯ."